ಗಾಡಿಗಿಂತ ಮೊದಲು ಸಾಮಾನು

“ಮಾವ, ಕೊನೆಗೂ ಗಾಡಿ ಸಿಕ್ತು. 1968ರ ಫಿಯೆಟ್ ಡಿಲೈಟ್. ಚಿಕ್ಕಮಗಳೂರಿನ ಹತ್ತಿರ ಒಂದು ಕಾಫಿ ತೋಟದ ಶೆಡ್ಡಿನಲ್ಲಿ ನಿಂತಿದೆ. ಕೊಂಡವರು ತೀರಿಕೊಂಡಿದ್ದಾರೆ, ಮಗ ಮಾರ್ತಾ ಇದ್ದಾರೆ. ಎಂಜಿನ್ ಜಾಮ್ ಆಗಿಲ್ವಂತೆ, ಫ್ಯಾನ್ ಹಿಡಿದು ತಿರುಗಿಸಿದ್ರೆ ತಿರುಗುತ್ತಂತೆ. ಫೋಟೋ ನೋಡಿ, ಎಷ್ಟು ಚೆನ್ನಾಗಿದೆ!”

“ಚೆನ್ನಾಗೇ ಇದೆ. ಆದ್ರೆ ಎಂಜಿನ್ ಕೊನೆಯ ಮಾತು ಕಣಮ್ಮ. ಹಳೇ ಗಾಡಿ ನೋಡೋಕೆ ಹೋದವರೆಲ್ಲ ಮೊದಲು ಬಾನೆಟ್ ಎತ್ತುತ್ತಾರೆ. ನಾನು ಜೆ.ಸಿ. ರಸ್ತೆಯಲ್ಲಿ ಸ್ಪೇರ್ಸ್ ಅಂಗಡಿ ನಡೆಸಿದಷ್ಟು ಕಾಲವೂ ಪಿಸ್ಟನ್ ಸಿಗಲಿಲ್ಲ ಅಂತ ಗಾಡಿ ಮಾರಿದವರನ್ನ ನೋಡಲಿಲ್ಲ. ಮುಂದಿನ ಗ್ರಿಲ್ ಸಿಗದೆ, ಹಿಂದಿನ ಗಾಜು ಸಿಗದೆ, ಬಾಗಿಲ ಹಿಡಿ ಸಿಗದೆ ಸೋತು ಮಾರಿದವರನ್ನ ಬೇಕಾದಷ್ಟು ನೋಡಿದ್ದೀನಿ. ಅದರ ಸಾಮಾನು ಎಲ್ಲೆಲ್ಲಿ ಸಿಗುತ್ತೆ ಅಂತ ಮೊದಲು ತಿಳ್ಕೋ. ದುಡ್ಡಿನ ಮಾತು ಆಮೇಲೆ.”

“ಎಂಜಿನ್ ಸಾಮಾನೇ ಕಷ್ಟ ಅಂತ ನಾನು ಅಂದುಕೊಂಡಿದ್ದೆ. ಐವತ್ತೇಳು ವರ್ಷಕ್ಕಿಂತ ಹಳೇ ಗಾಡಿ ಅಲ್ವಾ?”

“ಗಾಡಿಯ ವಯಸ್ಸು ನೋಡಬೇಡ, ಆ ಎಂಜಿನ್ನನ್ನ ಎಷ್ಟು ವರ್ಷ ಮಾಡಿದ್ರು ಅನ್ನೋದನ್ನ ನೋಡು. ಇಟಲಿಯಲ್ಲಿ ಫಿಯೆಟ್‌ನವರು 1953ರಲ್ಲಿ 1100-103 ಅನ್ನೋ ಮಾಡೆಲ್ ತಂದರು. ವಾಲಚಂದ್ ಹೀರಾಚಂದ್ ಅವರು ಕಟ್ಟಿದ ಪ್ರೀಮಿಯರ್ ಕಂಪನಿ ಅದನ್ನ ಮುಂಬೈನ ಕುರ್ಲಾದಲ್ಲಿ ತಯಾರು ಮಾಡ್ತು. ಎಲಿಗೆಂಟ್, ಸೆಲೆಕ್ಟ್, ಸೂಪರ್ ಸೆಲೆಕ್ಟ್ ಆದಮೇಲೆ 1964ರಲ್ಲಿ ಬಂದದ್ದು ನಿನ್ನ ಡಿಲೈಟ್. ಇಟಲಿಯವರು ಆ ಗಾಡಿಯನ್ನ ಅರವತ್ತರ ದಶಕದಲ್ಲೇ ನಿಲ್ಲಿಸಿಬಿಟ್ಟರು. ನಮ್ಮಲ್ಲಿ ಅದೇ ಗಾಡಿಗೆ ಸ್ವಲ್ಪ ಕಾಲ ಪ್ರೆಸಿಡೆಂಟ್ ಅಂತ ಹೆಸರಿತ್ತು, 1974ರಲ್ಲಿ ಪದ್ಮಿನಿ ಆಯ್ತು, 2000ದ ಆಸುಪಾಸಿನವರೆಗೂ ರಸ್ತೆಗೆ ಬರ್ತಾನೇ ಇತ್ತು. ಹೆಸರು ಬದಲಾದರೂ ಎಂಜಿನ್ ಅದೇ 1089 ಸಿಸಿ. ಬೋರ್ 68 ಮಿಲಿಮೀಟರ್, ಸ್ಟ್ರೋಕ್ 75. ಮೂವತ್ತು ವರ್ಷಕ್ಕೂ ಮೀರಿ ಒಂದೇ ಎಂಜಿನ್ ಮಾಡಿದ್ದರಿಂದ ಪಿಸ್ಟನ್, ರಿಂಗು, ಬೇರಿಂಗು, ಗ್ಯಾಸ್ಕೆಟ್ ಸೆಟ್ಟು, ಕ್ಲಚ್ ಪ್ಲೇಟು, ವಾಟರ್ ಪಂಪ್ ಕಿಟ್ಟು ಇವತ್ತಿಗೂ ಗೂಡಿನಲ್ಲಿ ಇಟ್ಟುಕೊಂಡಿರೋ ಅಂಗಡಿಗಳಿವೆ.”

“ಬೋರ್ ಸವೆದಿದ್ರೆ?”

“ರೀಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸು. ಹಿಂದಿನವರು ಈಗಾಗಲೇ ಎಷ್ಟು ಸಲ ಬೋರ್ ಮಾಡಿಸಿದ್ದಾರೆ ಅನ್ನೋದು ಹೆಡ್ ಬಿಚ್ಚಿದರೆ ಗೊತ್ತಾಗುತ್ತೆ, ಪಿಸ್ಟನ್ ತಲೆ ಮೇಲೇ ಸೈಜ್ ಒತ್ತಿರ್ತಾರೆ. ಕೊನೆಯ ಸೈಜೂ ಮುಗಿದಿದ್ರೆ ಸ್ಲೀವ್ ಹೊಡೆಸಿ ಮತ್ತೆ ಸ್ಟ್ಯಾಂಡರ್ಡ್‌ಗೆ ತರಬಹುದು. ಇನ್ನೊಂದು ಅನುಕೂಲ ಏನು ಅಂದ್ರೆ ಫಿಯೆಟ್ ಮೆಟ್ರಿಕ್ ಗಾಡಿ, ನಟ್ಟು ಬೋಲ್ಟು ಎಲ್ಲ ಮಿಲಿಮೀಟರ್ ಲೆಕ್ಕದ್ದು. ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಕೊಡ್ತಾರೆ. ಅಂಬಾಸಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಮಗು, ಅದಕ್ಕೆ ಇಂಚಿನ ಸ್ಪ್ಯಾನರ್ ಬೇಕು, ಇಂಚಿನ ಥ್ರೆಡ್ಡಿನ ಬೋಲ್ಟ್ ಬೇಕು. ಮೆಟ್ರಿಕ್ ಬೋಲ್ಟನ್ನ ಬಲವಂತವಾಗಿ ತಿರುಗಿಸಿ ಥ್ರೆಡ್ ಕೆಡಿಸಿದ ಅಂಬಾಸಡರ್‌ಗಳೇ ಹೆಚ್ಚು.”

“ಹಾಗಾದ್ರೆ ಈ ಗಾಡಿ ತಗೋಬಹುದು ಅಂತಾಯ್ತು.”

“ಇನ್ನೂ ಶೆಡ್ಡಿನ ಒಳಗೇ ಹೋಗಿಲ್ಲ ನಾವು! ಮಲೆನಾಡಿನ ಗಾಡಿ ಅಂದ ತಕ್ಷಣ ನನಗೆ ನೆಲದ ಭಯ. ಹಳೇ ಜೀಪು, ಲಾರಿಗೆ ಕೆಳಗೊಂದು ಬೇರೆ ಚಾಸಿಸ್ ಇರುತ್ತೆ, ಬಾಡಿ ಅದರ ಮೇಲೆ ಕೂತಿರುತ್ತೆ. ಫಿಯೆಟ್‌ಗೆ ಹಾಗಿಲ್ಲ. ತಗಡಿನ ನೆಲ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಉದ್ದನೆ ತೊಲೆ, ಬಾಗಿಲ ಕಂಬ ಎಲ್ಲ ಬೆಸೆದು ಒಂದೇ ಶರೀರ. ನೆಲ ಕೊಳೆತರೆ ಬೆನ್ನುಮೂಳೆ ಮುರಿದ ಹಾಗೆ. ತೋಟದ ಶೆಡ್ಡಲ್ಲಿ ಮಳೆಗಾಲ ಪೂರ್ತಿ ತೇವ, ಕೆಳಗೆ ಮಣ್ಣಿನ ನೆಲ. ಮೇಲೆ ಬಣ್ಣ ಮಿರಮಿರ ಮಿಂಚ್ತಾ ಇದ್ರೂ ಕೆಳಗೆ ತಗಡು ಹಪ್ಪಳ ಆಗಿರುತ್ತೆ.”

“ಅದನ್ನ ಹೇಗೆ ಪತ್ತೆ ಹಚ್ಚೋದು?”

“ಒಂದು ಸ್ಕ್ರೂಡ್ರೈವರ್, ಒಂದು ಅಯಸ್ಕಾಂತ, ಒಂದು ಟಾರ್ಚ್ ತಗೊಂಡು ಹೋಗು. ಹಳೇ ಸೀರೆ ಉಟ್ಟಿದ್ರೆ ಇನ್ನೂ ಒಳ್ಳೇದು, ಮಲಗಿ ನೋಡಬೇಕಾಗುತ್ತೆ. ಕಾಲಡಿಯ ಮ್ಯಾಟ್ ಎತ್ತು, ಡ್ರೈವರ್ ಕಾಲಿಡೋ ಜಾಗ ಮೊದಲು ನೋಡು. ಆಮೇಲೆ ಡಿಕ್ಕಿಯಲ್ಲಿ ಸ್ಟೆಪ್ನಿ ಕೂರೋ ಗುಂಡಿ, ಬ್ಯಾಟರಿ ಕೂರೋ ತಟ್ಟೆ, ಹಿಂದಿನ ಪಟ್ಟಾ ಸ್ಪ್ರಿಂಗ್ ಬಾಡಿಗೆ ಸೇರೋ ಜಾಗ. ಅಲ್ಲೆಲ್ಲ ಸ್ಕ್ರೂಡ್ರೈವರ್‌ನಿಂದ ಒತ್ತು. ಟಣ್ ಅಂದ್ರೆ ತಗಡಿದೆ, ಬುಸ್ ಅಂತ ಒಳಗೆ ಹೋದ್ರೆ ಇಲ್ಲ. ಬಾಗಿಲ ಕೆಳತುದಿ, ಚಕ್ರದ ಕಮಾನು, ಇಲ್ಲೆಲ್ಲ ಅಯಸ್ಕಾಂತ ಹಿಡಿ. ಹಿಡಿಯದೇ ಜಾರಿದ್ರೆ ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ ಅಂತ ಅರ್ಥ. ಕೊನೆಗೆ ನಾಲ್ಕೂ ಬಾಗಿಲು ಒಂದೊಂದಾಗಿ ಮೆಲ್ಲಗೆ ಹಾಕಿ ನೋಡು. ಮಧ್ಯದ ಸಂದು ಮೇಲೊಂದು ಅಳತೆ ಕೆಳಗೊಂದು ಅಳತೆ ಇದ್ರೆ ನೆಲ ಕುಸಿದಿದೆ. ಅಂಥ ಗಾಡಿಯನ್ನ ಪುಕ್ಕಟೆ ಕೊಟ್ಟರೂ ಮನೆಗೆ ತರಬೇಡ.”

“ಟಿಂಕರಿಂಗ್ ಮಾಡೋರು ಹೊಸ ತಗಡು ಬೆಸೀತಾರಲ್ಲ ಮಾವ?”

“ಬೆಸೀತಾರೆ, ಅದ್ಭುತವಾಗಿ ಬೆಸೆಯೋರು ಈಗಲೂ ಇದ್ದಾರೆ. ಆದ್ರೆ ಸಣ್ಣ ಪುಟ್ಟ ತೂತಿಗೆ ತೇಪೆ ಹಾಕೋದು ಬೇರೆ, ಇಡೀ ನೆಲ ಮಾಡೋದು ಬೇರೆ. ಅದು ತಿಂಗಳುಗಟ್ಟಲೆ ಕೆಲಸ, ಗಾಡಿ ಬೆಲೆಯನ್ನೂ ಮೀರಿಸೋ ಖರ್ಚು. ಅದಕ್ಕಿಂತ ಬಳ್ಳಾರಿ, ರಾಯಚೂರು, ವಿಜಯಪುರದ ಕಡೆ ಒಂದು ಗಾಡಿ ಹುಡುಕು. ಬಿಸಿಲಿಗೆ ಬಣ್ಣ ಹೋಗಿರುತ್ತೆ, ಬೀಡಿಂಗ್ ರಬ್ಬರ್ ಒಡೆದಿರುತ್ತೆ, ಸೀಟು ಹರಿದಿರುತ್ತೆ. ನೋಡೋಕೆ ಗತಿಗೆಟ್ಟ ಹಾಗಿರುತ್ತೆ. ತಗಡು ಮಾತ್ರ ಗಟ್ಟಿ. ಬಣ್ಣ, ರಬ್ಬರ್, ಸೀಟು ಎಲ್ಲ ದುಡ್ಡು ಕೊಟ್ಟರೆ ಆಗೋ ಕೆಲಸ.”

“ನೆಲ ಗಟ್ಟಿ ಇದ್ರೆ ಆಮೇಲೆ?”

“ಕಾಗದ. ಆರ್‌ಸಿ ಇದೆಯಾ?”

“ಪುಸ್ತಕ ಇದೆ, ಎಂವೈ ಸೀರೀಸಿನ ನಂಬರ್. ಆದ್ರೆ ರಿನ್ಯೂ ಮಾಡಿಸಿ ತುಂಬಾ ಕಾಲ ಆಗಿದೆ. ಅಪ್ಪನ ಹೆಸರಿನಿಂದ ಮಗನ ಹೆಸರಿಗೂ ಆಗಿಲ್ಲ.”

“ಆ ನಂಬರ್ ಕಳ್ಕೋಬಾರದು. ಕೆಎ ಸೀರೀಸ್ ಬಂದದ್ದು 1989ರಲ್ಲಿ, ಮೈಸೂರು ರಾಜ್ಯದ ಕಾಲದ ನಂಬರ್ ಗಾಡಿಯ ಚರಿತ್ರೆಯ ಒಂದು ಭಾಗ. ಹಣ ಕೊಡೋ ಮೊದಲು ಆರ್‌ಟಿಓದಲ್ಲಿ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸು. ದಾಖಲೆಯಲ್ಲಿ ಗಾಡಿ ಇದೆಯಾ, ಯಾರ ಹೆಸರಲ್ಲಿದೆ, ತೆರಿಗೆ ಕಟ್ಟಿದ್ದಾರಾ, ಸಾಲ ಇತ್ತಾ ಎಲ್ಲ ಅದರಲ್ಲಿ ಬರುತ್ತೆ. ಅಷ್ಟು ಹಳೇ ಗಾಡಿಗಳ ವಿವರ ಎಷ್ಟೋ ಸಲ ಕಂಪ್ಯೂಟರ್‌ಗೆ ಏರಿರೋದಿಲ್ಲ, ಹಳೇ ರಿಜಿಸ್ಟರ್ ತೆಗೆದು ಏರಿಸಬೇಕಾಗುತ್ತೆ, ತಾಳ್ಮೆ ಬೇಕು. ಮೊದಲು ಮಗನ ಹೆಸರಿಗೆ ವಾರಸುದಾರಿಕೆಯಲ್ಲಿ ಬದಲಾಗಲಿ, ಆಮೇಲೆ 29, 30ನೇ ನಂಬರ್ ಫಾರಂಗಳ ಮೇಲೆ ನಿನ್ನ ಹೆಸರಿಗೆ. ಅದಕ್ಕೂ ಮೊದಲು ಬಾಡಿಯಲ್ಲಿ ಕೊರೆದಿರೋ ಚಾಸಿಸ್ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜು. ಒಂದೊಂದು ಅಂಕಿಯೂ ಆರ್‌ಸಿ ಜೊತೆ ಹೊಂದಬೇಕು. ಒಂದು ಅಂಕಿ ವ್ಯತ್ಯಾಸ ಇದ್ರೂ ಕೈಮುಗಿದು ವಾಪಸ್ ಬಾ.”

“ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ಅಂತ ಬೇರೆ ರಿಜಿಸ್ಟ್ರೇಷನ್ ಇದೆಯಂತಲ್ಲ. ಅದು ಸುಲಭ ಅಲ್ವಾ?”

“2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಆ ನಿಯಮ ತಂತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿರಬೇಕು, ಗಾಡಿ ಮೂಲ ರೂಪದಲ್ಲಿರಬೇಕು, ದೊಡ್ಡ ಬದಲಾವಣೆ ಮಾಡಿರಬಾರದು. ಹೊಸದಾಗಿ ನೋಂದಣಿ ಮಾಡಿಸಿದ್ರೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತೆ, ನಂಬರಿನಲ್ಲಿ ‘ವಿಎ’ ಅಂತ ಬರುತ್ತೆ. ಆಗಲೇ ನಂಬರ್ ಇರೋ ಗಾಡಿಗಳು ಹಳೇದನ್ನೇ ಉಳಿಸ್ಕೋಬಹುದು. ಆದ್ರೆ ವಿಂಟೇಜ್ ಅಂತ ಬರೆಸಿದ ಗಾಡಿಯನ್ನ ದಿನನಿತ್ಯ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ನೀನೇನು ಮಾಡಬೇಕು ಅಂತಿದ್ದೀಯ?”

“ಓಡಿಸಬೇಕು ಮಾವ. ವಾರಕ್ಕೊಂದು ಸಲವಾದ್ರೂ. ಅಮ್ಮನ್ನ ಕೂರಿಸ್ಕೊಂಡು ಊರಿಗೆ ಹೋಗಬೇಕು.”

“ಹಾಗಾದ್ರೆ ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೆ ಎಫ್‌ಸಿ ಮಾಡಿಸಿ ರಿನ್ಯೂ ಮಾಡ್ಕೋ. ಒಂದು ಕಾಲದಲ್ಲಿ 600 ರೂಪಾಯಿ ಇದ್ದ ಫೀಸು 2022ರಲ್ಲಿ 5,000 ಆಯ್ತು, ಹಳೇ ಗಾಡಿಗಳ ಫೀಸು ಏರ್ತಾನೇ ಇದೆ. ಗ್ರೀನ್ ಟ್ಯಾಕ್ಸೂ ಕಟ್ಟಬೇಕು. ಓಡಿಸೋರಿಗೆ ಅದೇ ಸರಿಯಾದ ದಾರಿ. ನಿಂತ ಗಾಡಿ ಓಡೋ ಗಾಡಿಗಿಂತ ಬೇಗ ಹಾಳಾಗುತ್ತೆ.”

“ಈಗ ನಿಮ್ಮ ಗ್ರಿಲ್ಲು, ಗಾಜಿನ ಕಡೆ ಬನ್ನಿ. ಪದ್ಮಿನಿ ಅಷ್ಟು ವರ್ಷ ಬಂದಿದ್ರೆ ಅದರ ಗ್ರಿಲ್ಲೇ ಹಾಕಬಹುದಲ್ಲ?”

“ಅಲ್ಲೇ ಇರೋದು ಕಷ್ಟ. ಒಳಗಿನ ಎಂಜಿನ್ ಬದಲಾಗಲಿಲ್ಲ, ಮೇಲಿನ ಅಲಂಕಾರ ಬದಲಾಗ್ತಾ ಹೋಯ್ತು. ಗ್ರಿಲ್ಲು, ಬ್ಯಾಡ್ಜು, ಮುಂದಿನ ತಗಡಿನ ಮೇಲಿನ ಬೆಳ್ಳಿ ಪಟ್ಟಿಗಳು ಡಿಲೈಟಿಗೇ ಬೇರೆ. ಅವು ಸವೆಯೋ ಸಾಮಾನಲ್ಲವಾದ್ದರಿಂದ ಅಂಗಡಿಯವರು ದಾಸ್ತಾನು ಇಡ್ತಾ ಇರಲಿಲ್ಲ. ಕ್ಲಚ್ ಪ್ಲೇಟ್ ನೂರು ತಂದ್ರೆ ನೂರೂ ಖರ್ಚಾಗ್ತಿತ್ತು, ಗ್ರಿಲ್ ಯಾರಿಗೆ ಮಾರೋದು? ಆಕ್ಸಿಡೆಂಟ್ ಆದವರಿಗೆ ಮಾತ್ರ. ಅದಕ್ಕೇ ಹೇಳ್ತೀನಿ, ಎಂಜಿನ್ ಸತ್ತು ಅಲಂಕಾರ ಪೂರ್ತಿ ಇರೋ ಗಾಡಿ, ಎಂಜಿನ್ ಗಡಿಯಾರದ ಹಾಗೆ ನಡೆದು ಅಲಂಕಾರ ಕಳೆದುಕೊಂಡ ಗಾಡಿ, ಎರಡೂ ಮುಂದಿದ್ರೆ ಕಣ್ಣುಮುಚ್ಚಿ ಮೊದಲನೇದನ್ನ ತಗೋ. ಶೆಡ್ಡಿಗೆ ಹೋದಾಗ ಒಂದು ಪಟ್ಟಿ ಬರ್ಕೊ: ಗಾಜುಗಳು, ಹೆಡ್‌ಲೈಟ್ ರಿಂಗು, ಹಿಂದಿನ ದೀಪದ ಕೆಂಪು ಲೆನ್ಸು, ಹಬ್ ಕ್ಯಾಪ್, ಬಾಗಿಲ ಹಿಡಿ, ಗಾಜು ಇಳಿಸೋ ಹ್ಯಾಂಡಲ್, ಸ್ಪೀಡೋಮೀಟರ್, ಸ್ಟಿಯರಿಂಗ್ ಮಧ್ಯದ ಹಾರನ್ ಬಟನ್. ಇಲ್ಲದ್ದರ ಬೆಲೆ ಕೂಡಿಸಿ ಗಾಡಿ ಬೆಲೆಯಲ್ಲಿ ಕಳಿ.”

“ಬಾಗಿಲ ಹಿಡಿಗಳ ಕ್ರೋಮ್ ಗುಳ್ಳೆ ಗುಳ್ಳೆ ಆಗಿದೆ. ಹೊಸದಾಗಿ ಕ್ರೋಮ್ ಹಾಕಿಸಿದ್ರೆ ಆಯ್ತಲ್ಲ?”

“ಬಂಪರ್ ಆಗಿದ್ರೆ ಹೌದು ಅಂತಿದ್ದೆ. ಬಂಪರ್ ಕಬ್ಬಿಣದ್ದು, ಹಳೇದನ್ನ ಕಿತ್ತು ತಾಮ್ರ, ನಿಕ್ಕಲ್, ಮೇಲೆ ಕ್ರೋಮ್ ಹಾಕ್ತಾರೆ. ಬಾಗಿಲ ಹಿಡಿ ಮಜಾಕ್ ಲೋಹದ್ದು, ಸತುವಿನ ಅಚ್ಚು. ಅದರೊಳಗೆ ತುಕ್ಕು ಹುಳದ ಹಾಗೆ ಕೊರೀತಾ ಹೋಗಿರುತ್ತೆ. ಪ್ಲೇಟಿಂಗ್‌ನವನು ಆಮ್ಲದಲ್ಲಿ ಅದ್ದಿದ್ರೆ ಹಿಡಿಯೇ ಕರಗಿ ಸೂಜಿ ಹಾಗಾಗುತ್ತೆ. ಗುಳ್ಳೆಗಳನ್ನ ಒಂದೊಂದಾಗಿ ಕೊರೆದು ತೆಗೆದು, ಮೇಲೆ ತಾಮ್ರ ಹತ್ತಿಸಿ, ಬಫ್ ಮಾಡಿ, ಮತ್ತೆ ತಾಮ್ರ ಹತ್ತಿಸಿ, ಮಟ್ಟ ಬಂದಮೇಲೆ ನಿಕ್ಕಲ್ ಹಾಕಬೇಕು. ಅಷ್ಟು ವ್ಯವಧಾನ ಇರೋ ಪ್ಲೇಟಿಂಗ್ ಅಂಗಡಿ ಸಿಕ್ಕಿದ್ರೆ ಅವನು ಕೇಳಿದಷ್ಟು ಕೊಡು. ಬೇಗ ಮಾಡ್ಕೊಡ್ತೀನಿ ಅನ್ನೋನ ಕೈಗೆ ಮಾತ್ರ ಕೊಡಬೇಡ.”

“ವಿದೇಶದಲ್ಲಿ ಇದನ್ನೆಲ್ಲ ಹೊಸದಾಗಿ ಮಾಡಿ ಮಾರ್ತಾರಲ್ಲ ಮಾವ. ನಾನು ನೋಡಿದ್ದೀನಿ.”

“ಬ್ರಿಟನ್ನಿನವರದ್ದು ದೊಡ್ಡ ಮನಸ್ಸು. ಮಾರಿಸ್ ಮೈನರ್, ಎಂಜಿ, ಟ್ರಯಂಫ್ ಗಾಡಿಗಳ ರಬ್ಬರಿನಿಂದ ಹಿಡಿದು ತಗಡಿನ ತನಕ ಇವತ್ತಿಗೂ ಮಾಡ್ತಾರೆ. ಎಂಜಿಬಿ ಗಾಡಿಯ ಇಡೀ ಬಾಡಿಯನ್ನೇ 1988ರಿಂದ ಹೊಸದಾಗಿ ಅಚ್ಚು ಹಾಕಿ ಕೊಡ್ತಾ ಬಂದಿದ್ದಾರೆ. ಹಾಗಾಗಿ ಬೆಂಗಳೂರಿನಲ್ಲಿ ಎಂಜಿ ಇಟ್ಟುಕೊಂಡವನು ಸುಂಕ ಕಟ್ಟಿಯಾದರೂ ಸಾಮಾನು ತರಿಸ್ಕೋತಾನೆ. ಮದ್ರಾಸಿನಲ್ಲಿ ಮಾಡಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದ್ದೋನಿಗೂ ಟ್ರಯಂಫ್ ಹೆರಾಲ್ಡ್‌ನ ಎಷ್ಟೋ ಸಾಮಾನು ಹೊಂದುತ್ತೆ. ಇಟಲಿಯಲ್ಲಿ 1100ರ ಅಭಿಮಾನಿಗಳಿದ್ದಾರೆ, ರಬ್ಬರ್, ಬ್ರೇಕಿನ ಸಾಮಾನು ಸಿಗುತ್ತೆ. ಆದ್ರೆ ಕುರ್ಲಾದವರು ತಾವೇ ಬದಲಾಯಿಸಿದ ಸಾಮಾನು ಇಟಲಿಯಲ್ಲಿ ಎಲ್ಲಿಂದ ಬರಬೇಕು? ನಮ್ಮ ದೇಶದಲ್ಲಿ, ನಮ್ಮ ಜನ ಲಕ್ಷಗಟ್ಟಲೆ ಓಡಿಸಿದ ಗಾಡಿಗೆ ನಮ್ಮವರೇ ಒಂದು ಅಚ್ಚು ಮಾಡಿಡಲಿಲ್ಲ ಅನ್ನೋದು ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಉರಿಯೋ ಸಂಗತಿ.”

“ಜೆ.ಸಿ. ರಸ್ತೆಯಲ್ಲಿ ಈಗ ಏನೂ ಸಿಗಲ್ವಾ?”

“ಸಿಗುತ್ತೆ, ಕೇಳೋ ಕ್ರಮದಲ್ಲಿ ಕೇಳಿದ್ರೆ. ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್ ತನಕ ಈಗ ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್ ಅಂಗಡಿಗಳೇ ಕಣ್ಣಿಗೆ ಬೀಳೋದು. ಅಡ್ಡರಸ್ತೆಗಳ ಒಳಗೆ, ಮಹಡಿ ಮೇಲೆ, ಹಳೇ ಅಂಗಡಿಗಳಿವೆ. ಅಲ್ಲಿ ಹೋಗಿ ‘ಫಿಯೆಟ್ ಸಾಮಾನು ಇದೆಯಾ’ ಅಂದ್ರೆ ಇಲ್ಲ ಅಂತಾರೆ. ಕೈಯಲ್ಲಿ ಹಳೇ ಸಾಮಾನು ಹಿಡ್ಕೊಂಡು ಹೋಗು, ಪಾರ್ಟ್ ನಂಬರ್ ಬರ್ಕೊಂಡು ಹೋಗು. ಕೌಂಟರಿನ ಹಿಂದೆ ಕೂತ ಹಿರಿಯರು ಅದನ್ನ ಕೈಗೆ ತಗೊಂಡು, ತಿರುಗಿಸಿ ನೋಡಿ, ಹುಡುಗನನ್ನ ಏಣಿ ಹತ್ತಿಸ್ತಾರೆ. ಮೇಲಿಂದ ಧೂಳು ಹಿಡಿದ ರಟ್ಟಿನ ಡಬ್ಬಿ ಇಳಿಯುತ್ತೆ. ಆಡುಗೋಡಿಯ ಮೈಕೊ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ ಡಬ್ಬಿ, ಲ್ಯೂಕಾಸ್ ಟಿವಿಎಸ್‌ನ ಪಾಯಿಂಟ್ ಸೆಟ್ ಡಬ್ಬಿ, ಎಣ್ಣೆ ಕಾಗದದಲ್ಲಿ ಸುತ್ತಿದ ಟೈ ರಾಡ್. ಮೈಕೊ ಅನ್ನೋ ಹೆಸರೇ 2008ರಲ್ಲಿ ಬಾಷ್ ಆಗಿ ಹೋಯ್ತು, ಆ ಡಬ್ಬಿ ಮಾತ್ರ ಹಾಗೇ ಕೂತಿರುತ್ತೆ.”

“ಹಳೇ ಸ್ಟಾಕ್ ಅಂದ್ರೆ ಕಣ್ಣು ಮುಚ್ಚಿ ತಗೋಬಹುದಾ?”

“ಲೋಹದ್ದಾದ್ರೆ ತಗೋ, ರಬ್ಬರಿನದ್ದಾದ್ರೆ ಮುಟ್ಟಬೇಡ. ಡಬ್ಬಿ ಒಡೆಯದ ಹಳೇ ಬ್ರೇಕ್ ಹೋಸ್, ವೀಲ್ ಸಿಲಿಂಡರಿನ ರಬ್ಬರ್ ಕಪ್ಪು ನೋಡೋಕೆ ಹೊಸದಿರುತ್ತೆ, ಒಳಗೆ ಸತ್ತಿರುತ್ತೆ. ಆ ಕಾಲದ ಫಿಯೆಟ್‌ಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಎಲ್ಲಕ್ಕೂ ಸೇರಿ ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಲೈನು. ಒಂದು ಕಡೆ ಸೋರಿದ್ರೂ ಪೆಡಲ್ ನೆಲಕ್ಕೆ ಹೋಗುತ್ತೆ. ಆದ್ದರಿಂದ ಬ್ರೇಕಿನ ರಬ್ಬರ್ ಹೋದ ವರ್ಷ ತಯಾರಾದದ್ದೇ ಆಗಬೇಕು. ಪೆಟ್ರೋಲ್ ಪೈಪೂ ಅಷ್ಟೆ. ಈಗ ಬಂಕಿನಲ್ಲಿ ಬರೋ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಇರುತ್ತೆ. ಹಳೇ ರಬ್ಬರ್ ಅದಕ್ಕೆ ಕರಗುತ್ತೆ, ಪಂಪಿನ ಡಯಾಫ್ರಮ್ ಗಡುಸಾಗಿ ಒಡೆಯುತ್ತೆ, ಟ್ಯಾಂಕಿನಲ್ಲಿ ನೀರು ಕೂತು ತುಕ್ಕು ಹಿಡಿಯುತ್ತೆ. ಎಥೆನಾಲ್ ತಡೆಯೋ ಹೊಸ ಪೈಪು ಹಾಕಿಸು, ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಟ್ಯಾಂಕ್ ಖಾಲಿ ಮಾಡು. ಇನ್ನೊಂದು: ದೇಶದಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ನಿಂತು ಹೋಯ್ತು. ಹಳೇ ಎಂಜಿನ್‌ಗಳ ವಾಲ್ವ್ ಸೀಟನ್ನ ಆ ಸೀಸವೇ ಕಾಯ್ತಾ ಇತ್ತು. ಹೆಡ್ ಬಿಚ್ಚಿದಾಗ ಗಟ್ಟಿ ಲೋಹದ ಸೀಟ್ ಹಾಕಿಸಿಬಿಡು.”

“ಇಷ್ಟೆಲ್ಲ ಹುಡುಕೋ ಬದಲು ಇನ್ನೊಂದು ಮುರುಕು ಫಿಯೆಟ್ ತಗೊಂಡು ಅದರಿಂದ ಬಿಚ್ಚಿ ಹಾಕೋದು ಅಂತ ಗ್ಯಾರೇಜಿನವರು ಹೇಳಿದ್ರು. ನನಗೆ ಮನಸ್ಸು ಬರ್ತಿಲ್ಲ ಮಾವ. ಒಂದು ಗಾಡಿ ಉಳಿಸೋಕೆ ಇನ್ನೊಂದನ್ನ ಕೊಲ್ಲೋದು ಅಂದ್ರೆ?”

“ನೆಲ ಕೊಳೆತ, ಕಾಗದ ಇಲ್ಲದ ಗಾಡಿ ಯಾವತ್ತೂ ರಸ್ತೆಗೆ ಬರಲ್ಲ. ಅದು ಮೂರು ಗಾಡಿ ಉಳಿಸಿದ್ರೆ ಅದರ ಜನ್ಮ ಸಾರ್ಥಕ ಅಂತ ನಾನು ನಂಬಿದ್ದೀನಿ.”

“ಮೂರು ಉಳಿಸಿದ್ರೆ ಸರಿ. ಆದ್ರೆ ನಡೀತಿರೋದು ಅದಲ್ಲ. ಒಬ್ಬರು ಗ್ರಿಲ್ಲಿಗೆ, ಎರಡು ದೀಪಕ್ಕೆ ಇಡೀ ಗಾಡಿ ಕೊಳ್ತಾರೆ. ಬೇಕಾದ್ದು ಬಿಚ್ಚಿಕೊಂಡು ಉಳಿದದ್ದನ್ನ ಗುಜರಿಗೆ ತೂಕಕ್ಕೆ ಹಾಕ್ತಾರೆ. ಗೇರ್ ಬಾಕ್ಸು, ಸ್ಟಿಯರಿಂಗ್ ಬಾಕ್ಸು, ಬಾಗಿಲುಗಳು ಎಲ್ಲ ಕಬ್ಬಿಣದ ಬೆಲೆಗೆ ಹೋಗುತ್ತೆ. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರಿನಲ್ಲಿ ಮುಗೀತಲ್ಲ, ಸಾವಿರಾರು ಟ್ಯಾಕ್ಸಿಗಳ ಎಷ್ಟು ಸಾಮಾನು ಕುರ್ಲಾದ ಗುಜರಿಯಲ್ಲಿ ನುಜ್ಜುಗುಜ್ಜಾಯ್ತೋ!”

“ಅದು ಒಪ್ಪೋ ಮಾತು. ಕುರ್ಲಾದಲ್ಲೂ, ದಿಲ್ಲಿಯ ಮಾಯಾಪುರಿಯಲ್ಲೂ, ಚೆನ್ನೈನ ಪುದುಪೇಟೆಯಲ್ಲೂ, ನಮ್ಮ ಶಿವಾಜಿನಗರದಲ್ಲೂ ಅದೇ ಕತೆ. ಹಾಗಾದ್ರೆ ಒಂದು ಕಟ್ಟು ಮಾಡ್ಕೊಳ್ಳೋಣ. ಗಾಡಿ ಬಿಚ್ಚೋನು ಪೂರ್ತಿ ಬಿಚ್ಚಬೇಕು, ತನಗೆ ಬೇಡದ್ದನ್ನ ಬೇಕಾದೋರಿಗೆ ತಲುಪಿಸಬೇಕು, ಅಷ್ಟು ಮಾಡೋಕಾಗದಿದ್ರೆ ಬಿಚ್ಚಬಾರದು. ಕಾಗದ ಇರೋ ಗಾಡಿಯನ್ನಂತೂ ಬಿಚ್ಚಲೇಬಾರದು. ಒಂದು ಗಾಡಿಯ ಚಾಸಿಸ್ ನಂಬರ್ ಕತ್ತರಿಸಿ ಇನ್ನೊಂದಕ್ಕೆ ಬೆಸೆಯೋದು ಅಪರಾಧ, ಆ ಮಾತೂ ಎತ್ತಬೇಡ. ಎಂಜಿನ್ ಬದಲಾಯಿಸಿದ್ರೆ ಆರ್‌ಸಿಯಲ್ಲಿ ಬರೆಸಬೇಕು.”

“ಗ್ಯಾರೇಜಿನವರು ಇನ್ನೊಂದೂ ಹೇಳಿದ್ರು. ಹಳೇ ಎಂಜಿನ್ ಬೇಡ, ಬೇರೆ ಹೊಸ ಗಾಡಿಯ ಎಂಜಿನ್ ಕೂರಿಸ್ತೀನಿ, ಎಸಿ ಹಾಕ್ತೀನಿ, ಗೇರ್ ಕೆಳಗೆ ತರ್ತೀನಿ ಅಂತ.”

“ಬೇಡ. ಸ್ಟಿಯರಿಂಗ್ ಪಕ್ಕದ ಗೇರು, ಮುಂದಿನ ಉದ್ದ ಸೀಟು, ಆ ಎಂಜಿನ್ನಿನ ದನಿ ಇಷ್ಟಕ್ಕೇ ಅಲ್ವಾ ನೀನು ಆ ಗಾಡಿ ಕೇಳಿದ್ದು? ಒಂದು ಸಲ ನೆಲ ಕತ್ತರಿಸಿ ಗೇರ್ ಕೆಳಗೆ ತಂದ ಗಾಡಿ ಮತ್ತೆ ಮೊದಲಿನ ಹಾಗಾಗಲ್ಲ. ಸುರಕ್ಷತೆಗೆ ಬೇಕಾದ್ದನ್ನ ಹಾಕಿಸು: ಸೀಟ್ ಬೆಲ್ಟು, ಒಳ್ಳೇ ಬಲ್ಬು, ಹೊಸ ವೈರಿಂಗು, ಫ್ಯೂಸು. ಕಿತ್ತರೆ ಗುರುತು ಉಳಿಯಬಾರದು, ಅದೇ ನನ್ನ ಅಳತೆಗೋಲು.”

“ಸರಿ, ಅಂಗಡಿಯಲ್ಲೂ ಇಲ್ಲ, ಗುಜರಿಯಲ್ಲೂ ಇಲ್ಲ ಅಂದ್ರೆ?”

“ಲೇತ್ ಶಾಪ್. ಬೆಂಗಳೂರಿನ ನಿಜವಾದ ಭಾಗ್ಯ ಅದು. ಮುಂದಿನ ಚಕ್ರದ ಕಿಂಗ್ ಪಿನ್ ಬುಷ್ ಉದಾಹರಣೆಗೆ ತಗೋ. ಗ್ರೀಸ್ ಹೊಡೆಯದೆ ಓಡಿಸಿದ ಗಾಡಿಯಲ್ಲಿ ಅದು ಸವೆದು ಚಕ್ರ ಅಲ್ಲಾಡುತ್ತೆ. ಒಬ್ಬ ಲೇತ್ ಕೆಲಸದವರು ಅದನ್ನ ಮಾಡೋದನ್ನ ಎಷ್ಟು ಸಲ ನೋಡಿದ್ರೂ ನನಗೆ ಬೇಜಾರಾಗಲ್ಲ. ಗನ್‌ಮೆಟಲ್ ಸರಳನ್ನ ಚಕ್ಕಿಗೆ ಕಚ್ಚಿಸಿ, ಹೊರಗಿನ ಅಳತೆಯನ್ನ ಮೈಕ್ರೋಮೀಟರ್ ಇಟ್ಟು ಇಟ್ಟು ಇಳಿಸ್ತಾರೆ. ಹಳದಿ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುತ್ತೆ. ಬುಷ್ಷನ್ನ ವೈಸಿನಲ್ಲಿ ಒತ್ತಿ ಕೂರಿಸಿದ ಮೇಲೆ ಒಳಗೆ ರೀಮರ್ ಇಟ್ಟು ಕೈಯಲ್ಲೇ, ಮೆಷಿನ್ ಇಲ್ಲದೆ, ಒಂದೇ ದಿಕ್ಕಿಗೆ ತಿರುಗಿಸ್ತಾರೆ. ಒರೆಸಿ, ಎಣ್ಣೆ ಸವರಿ ಹೊಸ ಪಿನ್ ಇಳಿಬಿಡ್ತಾರೆ. ಧೊಪ್ ಅಂತ ಬಿದ್ರೆ ಕೆಲಸ ಕೆಟ್ಟಿತು. ಹೆಬ್ಬೆರಳಲ್ಲಿ ಒತ್ತಿದಾಗ ಮೆಲ್ಲಗೆ ಜಾರಿ ಕೂರಬೇಕು. ಆ ಅಳತೆ ಯಾವ ಪುಸ್ತಕದಲ್ಲೂ ಇಲ್ಲ, ಅವರ ಹೆಬ್ಬೆರಳಿನಲ್ಲಿದೆ.”

“ಅವರ ನಂತರ ಯಾರು ಮಾವ?”

“ಅದೇ ನನ್ನ ಚಿಂತೆ. ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಕಾರ್ಬುರೇಟರ್ ಟ್ಯೂನ್ ಮಾಡೋರು, ಪಾಯಿಂಟ್ ಗ್ಯಾಪ್ ಹೊಂದಿಸೋರು, ಹಳೇ ಸ್ಪೀಡೋಮೀಟರ್ ಬಿಚ್ಚೋರು ಬೆರಳೆಣಿಕೆಯಷ್ಟೇ ಉಳಿದಿದ್ದಾರೆ. ಸಾಮಾನಾದರೂ ಡಬ್ಬಿಯಲ್ಲಿ ಕಾದು ಕೂತಿರುತ್ತೆ, ಮನುಷ್ಯರು ಕಾಯೋದಿಲ್ಲ.”

“ನನ್ನ ಕೈಲಾದದ್ದು ಒಂದಿದೆ. ನಮ್ಮ ಆಫೀಸಿನಲ್ಲಿ ಸ್ಕ್ಯಾನರ್ ಇದೆ, ತ್ರೀಡಿ ಪ್ರಿಂಟರ್ ಇದೆ. ಡಿಲೈಟಿನ ಬ್ಯಾಡ್ಜ್, ದೀಪದ ರಿಂಗು, ಹ್ಯಾಂಡಲ್‌ಗಳನ್ನ ಸ್ಕ್ಯಾನ್ ಮಾಡಿಟ್ರೆ ಪ್ಲಾಸ್ಟಿಕ್ಕಿನಲ್ಲಿ ಮಾದರಿ ತೆಗೀಬಹುದು. ಆ ಮಾದರಿಯನ್ನ ಮರಳಿನ ಅಚ್ಚಿಗೆ ಹಾಕಿ ಹಿತ್ತಾಳೆಯಲ್ಲಿ ಎರಕ ಹೊಯ್ಯಿಸಿದ್ರೆ ಮಜಾಕ್ ತಾಪತ್ರಯವೇ ಇಲ್ಲ, ಕ್ರೋಮೂ ಚೆನ್ನಾಗಿ ಹತ್ತುತ್ತೆ. ಎರಕ ತಣ್ಣಗಾದಾಗ ಲೋಹ ಸ್ವಲ್ಪ ಕುಗ್ಗುತ್ತೆ, ಅಷ್ಟು ಮೊದಲೇ ದೊಡ್ಡದಾಗಿ ಪ್ರಿಂಟ್ ಮಾಡಬೇಕು. ಆ ಕಡತವನ್ನ ಫಿಯೆಟ್ ಇರೋರಿಗೆಲ್ಲ ಕೊಟ್ಟುಬಿಡ್ತೀನಿ.”

“ಎಷ್ಟು ಒಳ್ಳೇ ಮಾತು ಹೇಳಿದೆ ಮಗು! ಹಾಗಾದ್ರೆ ಒಂದು ಗ್ರಿಲ್ ಸಾಕು, ನೂರು ಗಾಡಿಗೆ ಗ್ರಿಲ್ ಆಯ್ತು. ಒಂದು ಎಚ್ಚರ: ಬ್ರೇಕ್, ಸ್ಟಿಯರಿಂಗ್, ಚಕ್ರಕ್ಕೆ ಸಂಬಂಧಪಟ್ಟ ಯಾವುದನ್ನೂ ಹೀಗೆ ಎರಕ ಹೊಯ್ಯಬೇಡ. ಅವಕ್ಕೆ ಸರಿಯಾದ ಉಕ್ಕು, ಸರಿಯಾದ ಹದ ಬೇಕು. ಅಲ್ಲಿ ಜೀವದ ಪ್ರಶ್ನೆ.”

“ಒಪ್ಪಿದೆ. ಟೈರು?”

“5.20-14 ಸೈಜು, ಹುಡುಕಿದ್ರೆ ಸಿಗುತ್ತೆ. ತಯಾರಾದ ವಾರ, ವರ್ಷ ಟೈರಿನ ಮೇಲೆ ಒತ್ತಿರುತ್ತೆ, ಓದಿ ತಗೋ. ಧರ್ಮಸ್ಥಳಕ್ಕೆ ಹೋದಾಗ ಮಂಜೂಷಾ ವಸ್ತುಸಂಗ್ರಹಾಲಯದ ಹಳೇ ಕಾರುಗಳನ್ನ ನೋಡ್ಕೊಂಡು ಬಾ. ಕೂರಿಸಿಟ್ಟ ಗಾಡಿಯ ಹತ್ತಿರ ನಿಂತು ಬೀಡಿಂಗ್ ಹೇಗೆ ಕೂರಿಸಿದ್ದಾರೆ, ಪಟ್ಟಿ ಎಲ್ಲಿಂದ ಎಲ್ಲಿಗೆ ಬರುತ್ತೆ ಅಂತ ಕಣ್ಣಲ್ಲಿ ತುಂಬಿಕೊಂಡರೆ ಮುಂದೆ ಗ್ಯಾರೇಜಿನಲ್ಲಿ ಕೆಲಸಕ್ಕೆ ಬರುತ್ತೆ. ಬಿಚ್ಚೋ ಮೊದಲು ನಿನ್ನ ಗಾಡಿಯದ್ದೂ ಒಂದೊಂದು ಮೂಲೆಯ ಫೋಟೋ ತೆಗಿ. ಬಿಚ್ಚಿದ ಒಂದೊಂದು ನಟ್ಟೂ ಚೀಲದಲ್ಲಿ ಹಾಕಿ ಹೆಸರು ಬರಿ. ಸವೆದ ಸಾಮಾನನ್ನ ಯಾವ ಕಾರಣಕ್ಕೂ ಎಸೆಯಬೇಡ. ಅದೇ ನಾಳೆ ಲೇತ್‌ನವರಿಗೆ ಸ್ಯಾಂಪಲ್, ಅದೇ ನಿನ್ನ ಸ್ಕ್ಯಾನರ್‌ಗೂ ಸ್ಯಾಂಪಲ್.”

“ದುಡ್ಡು ಎಷ್ಟು ಇಟ್ಕೋಬೇಕು?”

“ಗಾಡಿಗೆ ಕೊಡೋವಷ್ಟನ್ನೇ ಇನ್ನೊಂದು ಸಲ ಪಕ್ಕಕ್ಕೆ ಇಡು, ಅದರ ಮೇಲೆ ಒಂದು ವರ್ಷದ ತಾಳ್ಮೆ ಇಡು. ಎರಡರಲ್ಲಿ ಒಂದು ಇಲ್ಲದಿದ್ರೂ ಅರ್ಧ ಬಿಚ್ಚಿದ ಗಾಡಿ ಗ್ಯಾರೇಜಿನ ಮೂಲೆ ಸೇರುತ್ತೆ. ಅಂಥ ಗಾಡಿಗಳಿಂದ ಸಾಮಾನು ಕಳುವಾಗೋದೇ ಹೆಚ್ಚು. ಮೊದಲು ಬ್ರೇಕು, ಆಮೇಲೆ ಸ್ಟಿಯರಿಂಗು, ಆಮೇಲೆ ಕೂಲಿಂಗು, ಓಡೋ ಹಾಗಾದ ಮೇಲೆ ಬಣ್ಣ. ಬಣ್ಣದಿಂದ ಶುರು ಮಾಡಿದವರು ಮುಗಿಸಿದ್ದನ್ನ ನಾನು ಕಾಣೆ.”

“ಹಾಗಾದ್ರೆ ಈ ಚಿಕ್ಕಮಗಳೂರಿನ ಗಾಡಿ ತಗೊಳ್ಳೋದಾ ಬೇಡ್ವಾ? ಒಂದೇ ಮಾತಲ್ಲಿ ಹೇಳಿ.”

“ನೆಲ ಸ್ಕ್ರೂಡ್ರೈವರ್ ಒತ್ತು ತಡೆದು, ಚಾಸಿಸ್ ನಂಬರ್ ಬಿ ಎಕ್ಸ್‌ಟ್ರ್ಯಾಕ್ಟ್ ಜೊತೆ ಹೊಂದಿ, ಗ್ರಿಲ್ಲು ಗಾಜು ಎಲ್ಲ ಇದ್ರೆ ತಗೋ. ಎಂಜಿನ್ ಹೇಗಿದ್ರೂ ಸರಿ, ಅದನ್ನ ನಾವು ನೋಡ್ಕೊಳ್ಳೋಣ. ನೆಲ ಹೋಗಿದ್ರೆ ಬೇಡ, ಬಯಲುಸೀಮೆಯಲ್ಲಿ ಹುಡುಕೋಣ. ನಾನೇ ನಿನ್ನ ಜೊತೆ ಬರ್ತೀನಿ. ಗಾಡಿ ತಗೊಂಡ್ರೂ ಬಿಟ್ರೂ ಆ ತೋಟದವರಿಗೆ ಒಂದು ಮಾತು ಹೇಳಿಯೇ ಬರಬೇಕು. ಅವರ ತಂದೆ ಅಷ್ಟು ವರ್ಷ ಒಂದೇ ಗಾಡಿ ಇಟ್ಟುಕೊಂಡಿದ್ರು ಅಂದ್ರೆ ಆ ಮನೆಯ ಅಟ್ಟದ ಮೇಲೆ, ಶೆಡ್ಡಿನ ಮೂಲೆಯಲ್ಲಿ ಬಿಡಿ ಸಾಮಾನಿನ ಪೆಟ್ಟಿಗೆ ಇದ್ದೇ ಇರುತ್ತೆ. ಹಾಗೆ ಹಳೇ ಗಾಡಿ ಇದ್ದ ಮನೆಗಳು ನಮ್ಮ ನಾಡಿನಲ್ಲಿ ಸಾವಿರಾರಿವೆ. ನಿನಗೆ ಪರಿಚಯ ಇರೋರಿಗೆಲ್ಲ ಹೇಳು: ಆ ಪೆಟ್ಟಿಗೆಯನ್ನ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಮೊದಲು ಒಂದು ಫೋಟೋ ತೆಗೆದು ಹಳೇ ಗಾಡಿ ಓಡಿಸೋ ಯಾರಿಗಾದರೂ ಕಳಿಸಿ.”